ಮೈಲೋಮಾದಲ್ಲಿ ಕ್ಯಾಲ್ಸಿಯಂ ಏರಿದಾಗ: ಮನೆಯವರು ಮಾಡಬೇಕಾದ್ದು, ಆಸ್ಪತ್ರೆಯಲ್ಲಿ ನಡೆಯುವುದು

ನಮ್ಮಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಚಿಲ್ಲರೆ ಲೆಕ್ಕ ಅಂದರೆ ಅವರಿಗೆ ನೀರು ಕುಡಿದಷ್ಟು ಸಲೀಸು. ಅಂಥವರು ಒಂದು ಬೆಳಗ್ಗೆ ಸೊಪ್ಪಿನವಳಿಗೆ ಐವತ್ತರ ನೋಟು ಕೊಟ್ಟರು. ಮೂವತ್ತು ಕಳೆದರೆ ಎಷ್ಟು ವಾಪಸ್ ಬರಬೇಕು ಅಂತ ತಿಳಿಯದೆ ಗೇಟಿನ ಹತ್ತಿರ ಸುಮ್ನೆ ನಿಂತುಬಿಟ್ಟರು. ಅವಳೇ "ಇಪ್ಪತ್ತು ರೂಪಾಯಿ, ತಗೊಳಿ ಯಜಮಾನ್ರೇ" ಅಂತ ಕೈಗಿಟ್ಟು ಹೋದಳು.

ಅದಕ್ಕೂ ಮೂರು ವಾರ ಮೊದಲೇ ಸಣ್ಣಪುಟ್ಟ ತೊಂದರೆಗಳು ಶುರುವಾಗಿದ್ದವು. ರಾತ್ರಿ ಐದಾರು ಸಲ ಎದ್ದು ಮೂತ್ರಕ್ಕೆ ಹೋಗುತ್ತಿದ್ದರು. ಹಾಸಿಗೆ ಪಕ್ಕ ಇಟ್ಟ ಚೊಂಬು ಬೆಳಗಾಗುವಷ್ಟರಲ್ಲಿ ಖಾಲಿ. ಶುಗರ್ ಬಂದಿರಬೇಕು ಅಂದುಕೊಂಡು ಪರೀಕ್ಷೆ ಮಾಡಿಸಿದರೆ 104. ಮಲಬದ್ಧತೆಗೆ ಇಸಬ್‌ಗೋಲ್, ಬಾಳೆಹಣ್ಣು ಆಯಿತು. ಬೆನ್ನುನೋವಿಗೆ ಒಂದು ಕ್ಲಿನಿಕ್‌ನಲ್ಲಿ ನೋವಿನ ಇಂಜೆಕ್ಷನ್ ಕೊಟ್ಟರು. ಜೊತೆಗೆ "ಮೂಳೆ ಸವೆದಿದೆ" ಅಂತ ಕ್ಯಾಲ್ಸಿಯಂ ಮಾತ್ರೆ, ವಾರಕ್ಕೊಂದು ವಿಟಮಿನ್ ಡಿ ಪುಡಿ. ಮಂಕಾಗಿ ಕೂತಿರುವುದಕ್ಕೆ ನಾವೇ "ವಯಸ್ಸಾಯ್ತಲ್ಲ" ಅಂದುಕೊಂಡೆವು. ನಾಲ್ಕು ತೊಂದರೆಗೆ ನಾಲ್ಕು ಬೇರೆ ಬೇರೆ ಕಾರಣ ಹುಡುಕಿಟ್ಟಿದ್ದೆವು. ನಾಲ್ಕರದೂ ಬುಡ ಒಂದೇ ಅಂತ ತಿಳಿದದ್ದು ರಕ್ತದ ಕ್ಯಾಲ್ಸಿಯಂ 14.2 ಅಂತ ವರದಿ ಬಂದ ದಿನ. ಬುಡದಲ್ಲಿ ಇದ್ದದ್ದು ಮಲ್ಟಿಪಲ್ ಮೈಲೋಮಾ ಅನ್ನುವ ರಕ್ತದ ಕ್ಯಾನ್ಸರ್.

ಇದು ಮೈಲೋಮಾ ಇರುವವರ ಮನೆಮಂದಿಗಾಗಿ ಬರೆದದ್ದು. ನಾನು ಡಾಕ್ಟರ್ ಅಲ್ಲ. ಅಪ್ಪನ ಜೊತೆ ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಿ ಕೇಳಿ, ಓದಿ, ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡದ್ದನ್ನು ಜೋಡಿಸಿದ್ದೇನೆ. ಇಲ್ಲಿ ಬರುವ ಡೋಸ್‌ಗಳು ಡಾಕ್ಟರ್ ಏನು ಮಾಡುತ್ತಿದ್ದಾರೆ ಅಂತ ಅರ್ಥವಾಗಲಿ ಅಂತ ಹೇಳಿದ್ದು, ಮನೆಯಲ್ಲಿ ಪ್ರಯೋಗ ಮಾಡಲಿಕ್ಕಲ್ಲ.

ಮೊದಲು, ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ

ನಮ್ಮ ಮೈಯಲ್ಲಿ ಸುಮಾರು ಒಂದು ಕೆ.ಜಿ. ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿ ಕೂತಿರುತ್ತದೆ. ರಕ್ತದಲ್ಲಿ ಓಡಾಡುವುದು ಚೂರೇ ಚೂರು. ಆ ಚೂರು ಒಂದು ಸಣ್ಣ ಅಳತೆಯೊಳಗೇ ಇರಬೇಕು, ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ. ನರ, ಸ್ನಾಯು, ಹೃದಯ ಎಲ್ಲವೂ ಆ ಅಳತೆಯನ್ನೇ ನಂಬಿಕೊಂಡಿವೆ.

ಮೂಳೆ ಅಂದರೆ ಕಲ್ಲಿನ ಹಾಗೆ ಬಿದ್ದಿರುವ ವಸ್ತು ಅಂದುಕೊಳ್ಳುತ್ತೇವೆ. ನಿಜಕ್ಕೂ ಅಲ್ಲಿ ದಿನಾ ರಿಪೇರಿ ಕೆಲಸ ನಡೆದಿರುತ್ತದೆ. ಹಳೆಯದನ್ನು ಕೆಡವುವ ಜೀವಕೋಶಗಳ ಒಂದು ತಂಡ, ಹೊಸದನ್ನು ಕಟ್ಟುವ ಜೀವಕೋಶಗಳ ಇನ್ನೊಂದು ತಂಡ. ಆರೋಗ್ಯವಾಗಿದ್ದಾಗ ಎರಡೂ ತೂಗಿಸಿಕೊಂಡು ಹೋಗುತ್ತವೆ. ಮೈಲೋಮಾದಲ್ಲಿ ಮೂಳೆಯ ಮಜ್ಜೆಯೊಳಗಿನ ಪ್ಲಾಸ್ಮಾ ಕೋಶಗಳು ಕೆಟ್ಟು ಬೆಳೆಯುತ್ತವೆ. ಅವು ಕೆಡವುವ ತಂಡಕ್ಕೆ ಹುರಿದುಂಬಿಸುತ್ತವೆ. ಕಟ್ಟುವ ತಂಡದ ಕೈಯನ್ನೂ ಕಟ್ಟಿಹಾಕುತ್ತವೆ. ಮೂಳೆಯಲ್ಲಿ ತೂತುಗಳು ಬೀಳುತ್ತವೆ, ಅಲ್ಲಿದ್ದ ಕ್ಯಾಲ್ಸಿಯಂ ರಕ್ತಕ್ಕೆ ಸುರಿಯುತ್ತದೆ.

ಇಷ್ಟೇ ಆಗಿದ್ದರೆ ಕಿಡ್ನಿ ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಗೆ ಹಾಕಿಬಿಡುತ್ತಿತ್ತು. ಆದರೆ ಕ್ಯಾಲ್ಸಿಯಂ ಏರಿದಾಗ ಕಿಡ್ನಿಗೆ ನೀರನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಮೂತ್ರ ಜಾಸ್ತಿ ಹೋಗುತ್ತದೆ, ಮೈ ಒಣಗುತ್ತದೆ. ಒಣಗಿದ ಮೈಯಲ್ಲಿ ಕಿಡ್ನಿಗೆ ಹೋಗುವ ರಕ್ತ ಕಡಿಮೆ. ಆಗ ಅದು ಕ್ಯಾಲ್ಸಿಯಂ ಹೊರಹಾಕುವುದೂ ಕಡಿಮೆಯಾಗಿ, ರಕ್ತದಲ್ಲಿ ಮತ್ತಷ್ಟು ಏರುತ್ತದೆ. ನೀರಿನ ಸುಳಿ ಇದ್ದ ಹಾಗೆ, ಒಮ್ಮೆ ಸಿಕ್ಕಿಕೊಂಡರೆ ಒಳಗೊಳಗೇ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಧಾನಕ್ಕೆ ಏರಿದ ಕ್ಯಾಲ್ಸಿಯಂ ಎರಡೇ ದಿನದಲ್ಲಿ ಆಳನ್ನು ಮಲಗಿಸುವುದು ಇದೇ ಕಾರಣಕ್ಕೆ. ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಮೊದಲು ಡ್ರಿಪ್ ಹಾಕುವುದೂ ಇದಕ್ಕೇ.

ಎಲ್ಲ ಮೈಲೋಮಾ ರೋಗಿಗಳಿಗೂ ಹೀಗಾಗುವುದಿಲ್ಲ. ಅಮೆರಿಕದ ಮಾಯೋ ಕ್ಲಿನಿಕ್‌ನಲ್ಲಿ 1985ರಿಂದ 1998ರ ನಡುವೆ ಕಾಯಿಲೆ ಪತ್ತೆಯಾದ 1027 ಜನರ ದಾಖಲೆ ನೋಡಿದಾಗ, ಶುರುವಿನಲ್ಲೇ ಕ್ಯಾಲ್ಸಿಯಂ 11 ಅಥವಾ ಅದಕ್ಕಿಂತ ಜಾಸ್ತಿ ಇದ್ದವರು ನೂರಕ್ಕೆ 13 ಮಂದಿ. ಕಾಯಿಲೆ ಮರಳಿ ಬಂದಾಗಲೂ ಇದು ಕಾಣಿಸಿಕೊಳ್ಳಬಹುದು. ಬೇರೆ ರಕ್ತದ ಕ್ಯಾನ್ಸರ್‌ಗಳಲ್ಲೂ ಉಂಟು. ಎಚ್‌ಟಿಎಲ್‌ವಿ-1 ವೈರಸ್‌ನಿಂದ ಬರುವ ಟಿ-ಸೆಲ್ ಲುಕೇಮಿಯಾದಲ್ಲಂತೂ ಬಹಳ ಸಾಮಾನ್ಯ, ಆ ಲುಕೇಮಿಯಾವನ್ನು ಮೊದಲು ಗುರುತಿಸಿದ್ದು ಜಪಾನಿನಲ್ಲಿ. ಲಿಂಫೋಮಾ ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಅದರ ಕೆಲವು ಬಗೆಗಳಲ್ಲಿ ಗೆಡ್ಡೆಯೇ ವಿಟಮಿನ್ ಡಿಯನ್ನು ಸಕ್ರಿಯ ರೂಪಕ್ಕೆ ತಿರುಗಿಸಿ ಕ್ಯಾಲ್ಸಿಯಂ ಏರಿಸುತ್ತದೆ. ಅವುಗಳ ದಾರಿ ಸ್ವಲ್ಪ ಬೇರೆ. ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಮೈಲೋಮಾದ ಮಾತು.

ಹೆಜ್ಜೆ 1: ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿ

ಒಂದೊಂದಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ಊಟ ಸೇರದಿರುವುದು, ಹೊಟ್ಟೆ ತೊಳಸುವುದು, ಕೈಕಾಲಲ್ಲಿ ಕಸುವಿಲ್ಲದಿರುವುದು, ನಿದ್ದೆಗಣ್ಣು, ಮರೆವು. ಅರವತ್ತು ದಾಟಿದ ಯಾರಿಗಾದರೂ ಇದರಲ್ಲಿ ಎರಡು ಮೂರು ಇದ್ದೇ ಇರುತ್ತವೆ, ಅಲ್ವಾ? ಕೀಮೋ ನಡೆದಿದ್ದರೆ ಇನ್ನೂ ಕಷ್ಟ. ಎಲ್ಲವನ್ನೂ "ಮದ್ದಿನ ಸೈಡ್ ಎಫೆಕ್ಟ್" ಅಂತ ಬದಿಗೆ ಸರಿಸಿಬಿಡುತ್ತೇವೆ.

ನಾನು ಈಗ ನೋಡುವುದು ಮೂರು ಗುಂಪು. ಒಂದು, ನೀರು: ಕುಡಿಯುವುದೂ ಹೋಗುವುದೂ ಜಾಸ್ತಿಯಾಗಿದೆಯಾ? ಎರಡು, ಹೊಟ್ಟೆ: ಹಸಿವು ಹೋಗಿ ಮಲ ಕಟ್ಟಿದೆಯಾ? ಮೂರು, ತಲೆ: ಮಾತು, ಲೆಕ್ಕ, ನಿದ್ದೆಯಲ್ಲಿ ವ್ಯತ್ಯಾಸ ಇದೆಯಾ? ಮೈಲೋಮಾ ಇರುವವರಲ್ಲಿ ಈ ಮೂರರಲ್ಲಿ ಎರಡು ಒಂದೇ ವಾರದಲ್ಲಿ ಹೊಸದಾಗಿ ಬಂದರೆ ಅದೇ ದಿನ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ಇದು ನಾನೇ ಮಾಡಿಕೊಂಡ ನಿಯಮ, ಪುಸ್ತಕದ್ದಲ್ಲ. ಸುಮ್ನೆ ಪರೀಕ್ಷೆ ಆದರೂ ನಷ್ಟ ಇಲ್ಲ.

ತಲೆಯ ವ್ಯತ್ಯಾಸ ಹಿಡಿಯಲು "ಹೇಗಿದ್ದೀರಿ" ಅಂತ ಕೇಳಿ ಪ್ರಯೋಜನ ಇಲ್ಲ. "ಚೆನ್ನಾಗಿದ್ದೀನಿ" ಅಂತಲೇ ಹೇಳುತ್ತಾರೆ. ಅವರಿಗೆ ರೂಢಿ ಇರುವ ಕೆಲಸವನ್ನು ಗಮನಿಸಿ. ಅಪ್ಪನಿಗೆ ಚಿಲ್ಲರೆ. ನಿಮ್ಮ ಅತ್ತೆಗೆ ಹೂ ಕಟ್ಟುವುದಿರಬಹುದು, ಮಾವನಿಗೆ ಪೇಪರ್ ಓದಿ ಸುದ್ದಿ ಹೇಳುವುದಿರಬಹುದು. ಅದರಲ್ಲಿ ತಪ್ಪಿದರೆ ಅದು ವಯಸ್ಸಲ್ಲ. ವಯಸ್ಸು ಮೂರು ವಾರದಲ್ಲಿ ಬರುವುದಿಲ್ಲ.

ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆ, ವರದಿ ಅಂತ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ: ಎಬ್ಬಿಸಿದರೆ ಸರಿಯಾಗಿ ಏಳುತ್ತಿಲ್ಲ, ಅಸಂಬದ್ಧ ಮಾತು, ಎದೆಬಡಿತ ಏರುಪೇರು, ಕುಡಿದದ್ದೆಲ್ಲ ವಾಂತಿ, ಇಷ್ಟು ದಿನ ಜಾಸ್ತಿ ಹೋಗುತ್ತಿದ್ದ ಮೂತ್ರ ಇದ್ದಕ್ಕಿದ್ದಂತೆ ಕಡಿಮೆ. ಕಾಲುಗಳು ಸೋಲುತ್ತಿದ್ದರೆ ಅಥವಾ ಮೂತ್ರ ಕಟ್ಟಿಕೊಂಡರೆ ಅದು ಬೆನ್ನುಹುರಿ ಒತ್ತಿಹೋಗಿರುವ ಸೂಚನೆ ಇರಬಹುದು. ಅದೂ ತುರ್ತೇ.

ಹೆಜ್ಜೆ 2: ಮನೆಯಲ್ಲಿರುವ ಮಾತ್ರೆ, ಪುಡಿ, ಡಬ್ಬಿ ಎಲ್ಲ ಹೊರಗೆ ತೆಗೆಯಿರಿ

ಒಂದು ಕೈಚೀಲ ತಗೊಳ್ಳಿ. ರೋಗಿ ಬಾಯಿಗೆ ಹಾಕುವ ಎಲ್ಲವನ್ನೂ ಅದರಲ್ಲಿ ಹಾಕಿ. ಚೀಟಿ ಬರೆದುಕೊಂಡು ಹೋಗುವುದಕ್ಕಿಂತ ಚೀಲವೇ ಒಳ್ಳೆಯದು. ಚೀಟಿಯಲ್ಲಿ ನಾವು "ಮದ್ದು" ಅಂದುಕೊಂಡದ್ದು ಮಾತ್ರ ಬರುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಎಷ್ಟೋ ಜನ ಮದ್ದು ಅಂತಲೇ ಎಣಿಸುವುದಿಲ್ಲ, "ಶಕ್ತಿ ಮಾತ್ರೆ" ಅಷ್ಟೇ.

ಹುಡುಕಬೇಕಾದವು ಇವು. ಕ್ಯಾಲ್ಸಿಯಂ ಮಾತ್ರೆ. ವಿಟಮಿನ್ ಡಿ, ಅದರಲ್ಲೂ ವಾರಕ್ಕೊಮ್ಮೆ ತಗೊಳ್ಳುವ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್. ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಅಸಿಡಿಟಿ ಮಾತ್ರೆ. ಬಿಪಿ ಮಾತ್ರೆಗಳಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಇದೆಯಾ ನೋಡಿ. ಎಷ್ಟೋ ಬಿಪಿ ಮಾತ್ರೆಗಳಲ್ಲಿ ಇವು ಬೇರೆ ಮದ್ದಿನ ಜೊತೆ ಬೆರೆತಿರುತ್ತವೆ, ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿರುತ್ತವೆ. ಇವು ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗದಂತೆ ತಡೆಯುತ್ತವೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಕೂಡ ಕ್ಯಾಲ್ಸಿಯಂ ಏರಿಸುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಗಳು ಕ್ಯಾಲ್ಸಿಯಂ ಏರಿಸುವುದಿಲ್ಲ. ಆದರೆ ಮೊದಲೇ ಸೋಲುತ್ತಿರುವ ಕಿಡ್ನಿಯನ್ನು ಕೆಡವುತ್ತವೆ, ಮೈಲೋಮಾದಲ್ಲಿ ಅವು ಬೇಡವೇ ಬೇಡ. ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುತ್ತಿದ್ದರೆ ಅದನ್ನು ಮೊದಲ ಮಾತಲ್ಲೇ ಡಾಕ್ಟರಿಗೆ ಹೇಳಿ, ಕ್ಯಾಲ್ಸಿಯಂ ಏರಿದಾಗ ಅದರ ವಿಷ ಬೇಗ ಏರುತ್ತದೆ.

ನಮ್ಮ ಕಡೆಯ ಇನ್ನೆರಡು ಡಬ್ಬಿ ಮರೆಯಬೇಡಿ. ಒಂದು ಭಸ್ಮಗಳು. ಪ್ರವಾಳ ಭಸ್ಮ ಹವಳದ್ದು, ಶಂಖ ಭಸ್ಮ ಶಂಖದ್ದು. ಎರಡರಲ್ಲೂ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ. ಇನ್ನೊಂದು ಎಲೆ-ಅಡಿಕೆ ತಟ್ಟೆಯ ಸುಣ್ಣ. ಎಲೆಯ ಬೆನ್ನಿಗೆ ಬೆರಳ ತುದಿಯಷ್ಟು ಸವರಿದ್ದಕ್ಕೆ ಮೈಲೋಮಾದ ಕ್ಯಾಲ್ಸಿಯಂ ಏರುವುದಿಲ್ಲ. ಆದರೆ ದಿನವಿಡೀ ಸುಣ್ಣ ಹಚ್ಚಿದ ಎಲೆ-ಅಡಿಕೆ ಜಗಿದವರಲ್ಲಿ ಬರೀ ಅದರಿಂದಲೇ ಕ್ಯಾಲ್ಸಿಯಂ ಏರಿದ ಪ್ರಕರಣಗಳು ದಾಖಲಾಗಿವೆ. ನಮ್ಮ ದೊಡ್ಡಮ್ಮ "ಸುಣ್ಣಾನೂ ಡಾಕ್ಟ್ರಿಗೆ ಹೇಳ್ಬೇಕೇನೋ?" ಅಂತ ನಕ್ಕಿದ್ದರು. ಹೇಳಬೇಕು.

ಕ್ಯಾಲ್ಸಿಯಂ, ವಿಟಮಿನ್ ಡಿ, ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ಅವತ್ತೇ ನಿಲ್ಲಿಸಬಹುದು. ಬಿಪಿ, ಹೃದಯ, ಕ್ಯಾನ್ಸರ್ ಮದ್ದುಗಳನ್ನು ಮಾತ್ರ ಫೋನ್ ಮಾಡಿ ಕೇಳದೆ ನಿಲ್ಲಿಸಬೇಡಿ.

ಹೆಜ್ಜೆ 3: ರಕ್ತ ಕೊಡುವಾಗ, ವರದಿ ಓದುವಾಗ

ಬರೀ ಕ್ಯಾಲ್ಸಿಯಂ ಒಂದೇ ಮಾಡಿಸಿದರೆ ಅರ್ಧ ಕೆಲಸ. ಜೊತೆಗೆ ಅಲ್ಬುಮಿನ್, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಮತ್ತು ಯೂರಿಯಾ, ಸೋಡಿಯಂ, ಪೊಟ್ಯಾಸಿಯಂ, ಫಾಸ್ಫರಸ್, ಮೆಗ್ನೀಸಿಯಂ ಬೇಕು. ಕಾರಣ ಇನ್ನೂ ಗೊತ್ತಿಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ಏರಿಸುವ ಪಿಟಿಎಚ್ ಹಾರ್ಮೋನಿನ ಪರೀಕ್ಷೆಯೂ ಬೇಕು. ಮೈಲೋಮಾದಿಂದ ಕ್ಯಾಲ್ಸಿಯಂ ಏರಿದ್ದರೆ ಪಿಟಿಎಚ್ ಕೆಳಗಿರುತ್ತದೆ. ಅದೂ ಮೇಲಿದ್ದರೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ಕಡೆ ನೋಡಬೇಕು. ಒಂದು ಇಸಿಜಿ ಕೂಡ ತೆಗೆಯುತ್ತಾರೆ.

ರಕ್ತ ತೆಗೆಯುವಾಗ ತೋಳಿಗೆ ಕಟ್ಟುವ ಪಟ್ಟಿಯನ್ನು ತುಂಬ ಹೊತ್ತು ಬಿಗಿದಿಟ್ಟರೆ ಕ್ಯಾಲ್ಸಿಯಂ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ನರ ಸಿಗದೆ ಒದ್ದಾಡಿದ್ದರೆ ಅದನ್ನು ನೆನಪಿಟ್ಟುಕೊಳ್ಳಿ.

ಈಗ ಲೆಕ್ಕ. ರಕ್ತದ ಕ್ಯಾಲ್ಸಿಯಂನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಪ್ರೋಟೀನಿಗೆ, ಮುಖ್ಯವಾಗಿ ಅಲ್ಬುಮಿನ್‌ಗೆ, ಅಂಟಿಕೊಂಡಿರುತ್ತದೆ. ಕೆಲಸ ಮಾಡುವುದು, ತೊಂದರೆ ಕೊಡುವುದು ಅಂಟಿಕೊಳ್ಳದ ಭಾಗ. ಅಲ್ಬುಮಿನ್ ಇಳಿದಿದ್ದರೆ ಒಟ್ಟು ಅಂಕಿ ಕಡಿಮೆ ಕಂಡು ಮೋಸ ಮಾಡುತ್ತದೆ. ಹಾಗಾಗಿ ಒಂದು ಸರಳ ತಿದ್ದುಪಡಿ ಇದೆ. 4ರಲ್ಲಿ ಅಲ್ಬುಮಿನ್ ಕಳೆಯಿರಿ, ಬಂದದ್ದನ್ನು 0.8ರಿಂದ ಗುಣಿಸಿ, ಅದನ್ನು ಕ್ಯಾಲ್ಸಿಯಂಗೆ ಕೂಡಿಸಿ. ಉದಾಹರಣೆಗೆ ಕ್ಯಾಲ್ಸಿಯಂ 11.2, ಅಲ್ಬುಮಿನ್ 2.5 ಅಂತಿಟ್ಟುಕೊಳ್ಳಿ. 4ರಲ್ಲಿ 2.5 ಹೋದರೆ 1.5. ಅದು 0.8 ಸಲ ಅಂದರೆ 1.2. ಅಲ್ಲಿಗೆ ನಿಜವಾದ ಅಂಕಿ 12.4. "ಸ್ವಲ್ಪ ಜಾಸ್ತಿ" ಅಂದುಕೊಂಡದ್ದು ಸ್ವಲ್ಪವಲ್ಲ.

ಮೈಲೋಮಾದಲ್ಲಿ ಇದರ ತಿರುವುಮುರುವೂ ಆಗುವುದುಂಟು. ಕೆಟ್ಟ ಪ್ಲಾಸ್ಮಾ ಕೋಶಗಳು ರಕ್ತಕ್ಕೆ ಬಿಡುವ ಪ್ರೋಟೀನ್ ಕೆಲವರಲ್ಲಿ ಕ್ಯಾಲ್ಸಿಯಂ ಹಿಡಿದುಕೊಂಡು ಕೂರುತ್ತದೆ. ಆಗ ವರದಿಯಲ್ಲಿ ಅಂಕಿ ದೊಡ್ಡದು, ರೋಗಿ ಮಾತ್ರ ಆರಾಮ. ಅಂಕಿಗೂ ಆಳಿಗೂ ತಾಳೆಯಾಗದಿದ್ದರೆ "ಅಯಾನೈಸ್ಡ್ ಕ್ಯಾಲ್ಸಿಯಂ" ಮಾಡಿಸಬಹುದಾ ಅಂತ ಕೇಳಿ. ಅದು ಅಂಟಿಕೊಳ್ಳದ ಭಾಗವನ್ನು ನೇರವಾಗಿ ಅಳೆಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಎಬಿಜಿ (ರಕ್ತದಲ್ಲಿನ ಆಮ್ಲಜನಕ ಮುಂತಾದವನ್ನು ಅಳೆಯುವ) ಯಂತ್ರದಲ್ಲೇ ಕೆಲವು ನಿಮಿಷದಲ್ಲಿ ಸಿಗುತ್ತದೆ.

ವಿದೇಶದಲ್ಲಿರುವ ಮಕ್ಕಳಿಗೆ ವರದಿ ಕಳಿಸುವಾಗ ಒಂದು ಗೊಂದಲ ಆಗುತ್ತದೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮಿಲಿಮೋಲ್ ಲೆಕ್ಕ. ಅಲ್ಲಿನ 3.5 ಅಂದರೆ ನಮ್ಮ 14. ನಾಲ್ಕರಿಂದ ಗುಣಿಸಿದರೆ ಹೆಚ್ಚು ಕಡಿಮೆ ಸರಿಹೋಗುತ್ತದೆ.

ತಿದ್ದಿದ ಅಂಕಿ 12ರ ಒಳಗಿದ್ದು ಲಕ್ಷಣ ಇಲ್ಲದಿದ್ದರೆ ಅವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. 12ರಿಂದ 14 ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ರಾತ್ರಿಗೆ ಉಳಿಯುವ ತಯಾರಿಯಲ್ಲೇ ಹೋಗಿ. 14 ದಾಟಿದರೆ ಲಕ್ಷಣ ಇರಲಿ ಬಿಡಲಿ ಎಮರ್ಜೆನ್ಸಿ. 12ರಲ್ಲೇ ತಲೆ ಮಂಕಾಗಿದ್ದರೆ ಅದೂ ಎಮರ್ಜೆನ್ಸಿಯೇ. ಬೇಗ ಏರಿದ 12 ನಿಧಾನಕ್ಕೆ ಏರಿದ 13ಕ್ಕಿಂತ ಜಾಸ್ತಿ ಕಾಡಬಹುದು.

ಹೆಜ್ಜೆ 4: ಹೊರಡುವ ಮುಂಚೆ

ಎಚ್ಚರ ಇದ್ದು, ನುಂಗಲು ಆಗುತ್ತಿದ್ದರೆ ನೀರು ಕೊಡುತ್ತಾ ಇರಿ. ತೂಕಡಿಸುತ್ತಿರುವವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಎಳನೀರು ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ವರದಿ ನೋಡುವ ತನಕ ಬೇಡ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಮಿತಿಯಲ್ಲಿಡಿ ಅಂತ ಮೊದಲೇ ಹೇಳಿದ್ದರೆ ಆ ಮಿತಿ ದಾಟಬೇಡಿ.

ಎತ್ತುವಾಗ ಹುಷಾರು. ತೂತು ಬಿದ್ದ ಮೂಳೆ ಸಣ್ಣ ಎಳೆತಕ್ಕೂ ಮುರಿಯಬಹುದು. ಕಂಕುಳಿಗೆ ಕೈಹಾಕಿ ಎಳೆಯಬೇಡಿ. ದಪ್ಪ ಬೆಡ್‌ಶೀಟ್ ಕೆಳಗೆ ತೂರಿಸಿ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಿ. ಆಟೋದಲ್ಲಿ ಕುಲುಕಿಸಿಕೊಂಡು ಹೋಗುವ ಬದಲು 108ಕ್ಕೆ ಫೋನ್ ಮಾಡಿ.

ಮದ್ದಿನ ಚೀಲ, ಹಳೆಯ ವರದಿಗಳು, ಆಧಾರ್, ರೇಷನ್ ಕಾರ್ಡ್ ಇಟ್ಟುಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಇದೆ. ಅಡ್ಮಿಟ್ ಆಗುವಾಗಲೇ ಅದರ ಕೌಂಟರ್ ಎಲ್ಲಿದೆ ಅಂತ ಕೇಳಿಬಿಡಿ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಸಂಸ್ಥೆಯಲ್ಲಿ ಚಿಕಿತ್ಸೆ ನಡೆದಿದ್ದು ಊರು ದೂರ ಇದ್ದರೆ, ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಡ್ರಿಪ್ ಶುರು ಮಾಡಿಸಿ ಆಮೇಲೆ ಹೊರಡುವುದು ಒಳ್ಳೆಯದು. ಸಲೈನ್ ಎಲ್ಲ ಕಡೆ ಸಿಗುತ್ತದೆ. ಏಳು ಗಂಟೆ ಪ್ರಯಾಣವನ್ನು ಒಣಗಿದ ಮೈಯಲ್ಲಿ ಮಾಡಬಾರದು.

ಹೆಜ್ಜೆ 5: ವಾರ್ಡಿನಲ್ಲಿ ಏನು ನಡೆಯುತ್ತದೆ, ನಿಮ್ಮ ಪಾಲಿನ ಕೆಲಸ ಏನು

ಮೊದಲ ಮದ್ದು ನಾರ್ಮಲ್ ಸಲೈನ್. ಕಾಸಿಗೆ ಅಗ್ಗ, ಕೆಲಸಕ್ಕೆ ದೊಡ್ಡದು. ಹೃದಯ, ಕಿಡ್ನಿ ತಡೆದುಕೊಳ್ಳುವ ಹಾಗಿದ್ದರೆ ಶುರುವಿನಲ್ಲಿ ಗಂಟೆಗೆ 200ರಿಂದ 300 ಮಿಲಿಲೀಟರ್ ಓಡಿಸುತ್ತಾರೆ. ಆಮೇಲೆ ಗಂಟೆಗೆ 100ರಿಂದ 150 ಮಿಲಿಲೀಟರ್ ಮೂತ್ರ ಬರುವಂತೆ ಹೊಂದಿಸುತ್ತಾರೆ. ಬರೀ ಇದರಿಂದಲೇ ಒಂದು ದಿನದಲ್ಲಿ ಕ್ಯಾಲ್ಸಿಯಂ ಸುಮಾರು 1ರಿಂದ 1.5ರಷ್ಟು ಇಳಿಯುತ್ತದೆ. ಸಾಮಾನ್ಯ ಮಟ್ಟಕ್ಕೆ ಬರಲು ಸಾಲದು, ಸುಳಿಯಿಂದ ಹೊರಗೆಳೆಯಲು ಸಾಕು.

ಇಲ್ಲೇ ಮನೆಯವರ ಕೆಲಸ ಇರುವುದು. ಹೋದದ್ದೆಷ್ಟು, ಬಂದದ್ದೆಷ್ಟು ಅನ್ನುವ ಚಾರ್ಟ್. ಸಿಸ್ಟರ್‌ಗಳಿಗೆ ಇಪ್ಪತ್ತು ಹಾಸಿಗೆ ನೋಡಬೇಕು, ಬಾಯಲ್ಲಿ ಕುಡಿದ ಕಾಫಿಯ ಲೆಕ್ಕ ಅವರಿಗೆ ಗೊತ್ತಾಗುವುದಿಲ್ಲ. ನಾನು ಅರ್ಧ ಲೀಟರ್ ನೀರಿನ ಬಾಟಲಿ ತಗೊಂಡು ನಮ್ಮ ಸ್ಟೀಲ್ ಲೋಟ ಅಳೆದೆ. ಎರಡೂವರೆ ಲೋಟ ಆಯಿತು, ಅಂದರೆ ಲೋಟಕ್ಕೆ 200. ಆಮೇಲೆ ಬರೀ ಗೆರೆ ಎಳೆದರೆ ಸಾಕಾಯಿತು. ಮೂತ್ರಕ್ಕೆ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಕ್ಯಾನ್ ಮೆಡಿಕಲ್ ಶಾಪಲ್ಲಿ ಸಿಗುತ್ತದೆ. ಎರಡನೇ ರಾತ್ರಿ ಎರಡು ಗಂಟೆಗೆ ಚಾರ್ಟ್ ನೋಡಿದರೆ ಒಳಗೆ ಹೋದದ್ದು ನಾಲ್ಕು ಲೀಟರ್, ಹೊರಗೆ ಬಂದದ್ದು ಒಂದೂವರೆ. ಅಪ್ಪ ದಿಂಬಿಗೆ ಒರಗಿ ಕೂತೇ ಉಸಿರಾಡುತ್ತಿದ್ದರು. ಕಣಕಾಲನ್ನು ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಚಾರ್ಟ್ ಹಿಡಿದುಕೊಂಡು ಡ್ಯೂಟಿ ಡಾಕ್ಟರ್ ಹತ್ತಿರ ಓಡಿದೆ. ಅವರು ಡ್ರಿಪ್ ನಿಧಾನ ಮಾಡಿ, ಮೂತ್ರ ಜಾಸ್ತಿ ಹೋಗಿಸುವ ಫ್ಯುರೋಸಮೈಡ್ ಅನ್ನುವ ಮದ್ದು ಕೊಟ್ಟರು, ಬೆಳಗಿನ ಜಾವಕ್ಕೆ ಉಸಿರು ಹಗುರವಾಯಿತು.

ಫ್ಯುರೋಸಮೈಡ್ ಬಗ್ಗೆ ಒಂದು ಮಾತು. ಹಿಂದೆ ಇದನ್ನು ಕ್ಯಾಲ್ಸಿಯಂ ಇಳಿಸಲಿಕ್ಕೆ ಅಂತಲೇ ಎಲ್ಲರಿಗೂ ಕೊಡುತ್ತಿದ್ದರು. ಈಗ ಹಾಗಿಲ್ಲ. ಒಣಗಿದ ಮೈಗೆ ಕೊಟ್ಟರೆ ಇನ್ನಷ್ಟು ಒಣಗುತ್ತದೆ. ನೀರು ತುಂಬಿಕೊಂಡಾಗ ಮಾತ್ರ ಅದರ ಜಾಗ.

ಸಲೈನ್ ಜೊತೆಗೆ ಬರುವ ಮದ್ದುಗಳಲ್ಲಿ ಒಂದು ಬೇಗ ಓಡುವುದು, ಇನ್ನೊಂದು ದೂರ ಓಡುವುದು. ಬೇಗದ್ದು ಕ್ಯಾಲ್ಸಿಟೋನಿನ್. ಕೆ.ಜಿ. ತೂಕಕ್ಕೆ 4 ಯೂನಿಟ್‌ನಂತೆ 12 ಗಂಟೆಗೊಮ್ಮೆ ಇಂಜೆಕ್ಷನ್. ನಾಲ್ಕರಿಂದ ಆರು ಗಂಟೆಯಲ್ಲೇ ಇಳಿಕೆ ಕಾಣುತ್ತದೆ. ಆದರೆ ಸುಮಾರು ಎರಡು ದಿನಕ್ಕೆ ಮೈ ಅದಕ್ಕೆ ಒಗ್ಗಿಕೊಂಡು ಕೆಲಸ ನಿಲ್ಲುತ್ತದೆ. ದೂರ ಓಡುವುದು ಜೋಲೆಡ್ರೋನಿಕ್ ಆಸಿಡ್, 4 ಮಿಲಿಗ್ರಾಂ, ಕಡಿಮೆಯೆಂದರೂ 15 ನಿಮಿಷ ಹಿಡಿದು ನರಕ್ಕೆ. ಇದು ಮೂಳೆ ಕೆಡವುವ ತಂಡವನ್ನೇ ಸುಮ್ಮನಾಗಿಸುತ್ತದೆ. ಪರಿಣಾಮ ಕಾಣಲು ಎರಡರಿಂದ ನಾಲ್ಕು ದಿನ, ಉಳಿಯುವುದು ವಾರಗಟ್ಟಲೆ. ಎರಡನ್ನೂ ಒಟ್ಟಿಗೆ ಶುರು ಮಾಡುವುದು ಇದಕ್ಕೇ. ಮೊದಲನೆಯದು ಸುಸ್ತಾಗುವಷ್ಟರಲ್ಲಿ ಎರಡನೆಯದು ಕೈಗೆ ತಗೊಳ್ಳುತ್ತದೆ.

ಅಪ್ಪನ ಅಂಕಿಗಳು ನನ್ನ ನೋಟ್‌ಬುಕ್‌ನಲ್ಲಿ ಹೀಗಿವೆ: 14.2, 12.9, 12.1, 10.8, ಆರನೇ ದಿನ 9.6. ಎರಡನೇ ದಿನಕ್ಕೇ "ಯಾಕೆ ಇನ್ನೂ ಇಳಿದಿಲ್ಲ" ಅಂತ ಡಾಕ್ಟರನ್ನು ಕಾಡಿದ್ದು ನೆನೆದರೆ ಈಗ ನಾಚಿಕೆ. ತಲೆ ತಿಳಿಯಾಗುವುದು ಅಂಕಿಗಿಂತಲೂ ತಡ. ವಯಸ್ಸಾದವರಲ್ಲಿ ಅಂಕಿ ಸರಿಹೋದ ಮೇಲೂ ಕೆಲವು ದಿನ ಮಂಕು ಉಳಿಯುತ್ತದೆ.

ಕಿಡ್ನಿ ತುಂಬ ಸೋತಿದ್ದರೆ ಜೋಲೆಡ್ರೋನಿಕ್ ಕೊಡಲು ಹಿಂಜರಿಯುತ್ತಾರೆ. ಆಗ ಡೆನೋಸುಮಾಬ್ ಅನ್ನುವ ಚರ್ಮದಡಿಯ ಇಂಜೆಕ್ಷನ್ ಇದೆ, ಅದು ಕಿಡ್ನಿಯ ಮೂಲಕ ಹೋಗುವುದಿಲ್ಲ. ಅದರ ತೊಂದರೆ ಅಂದರೆ ಕೆಲವೊಮ್ಮೆ ಕ್ಯಾಲ್ಸಿಯಂ ಬೇಕಾದ್ದಕ್ಕಿಂತ ಕೆಳಗೆ ಇಳಿದುಬಿಡುತ್ತದೆ. ಯಾವುದಕ್ಕೂ ಬಗ್ಗದಿದ್ದರೆ, ಅಥವಾ ಮೂತ್ರವೇ ಬರದಿದ್ದರೆ ಡಯಾಲಿಸಿಸ್. ಆ ಹೆಸರು ಕೇಳಿ ಎದೆ ಒಡೆದುಕೊಳ್ಳಬೇಡಿ. ಕ್ಯಾಲ್ಸಿಯಂ ತೆಗೆಯಲಿಕ್ಕೆ ಕೆಲವೇ ಸಲ ಮಾಡಿ ನಿಲ್ಲಿಸುವುದೂ ಉಂಟು.

ಇವೆಲ್ಲ ಸುರಿಯುತ್ತಿರುವ ನೀರನ್ನು ಮೊಗೆದು ಹಾಕುವ ಕೆಲಸ. ನಲ್ಲಿ ಮುಚ್ಚುವುದು ಮೈಲೋಮಾದ ಚಿಕಿತ್ಸೆ: ಡೆಕ್ಸಾಮೆಥಾಸೋನ್, ಬೋರ್ಟೆಜೊಮಿಬ್, ಲೆನಲಿಡೊಮೈಡ್, ಡಾರಾಟುಮುಮಾಬ್ ಮುಂತಾದವುಗಳ ಜೋಡಣೆ. ಡೆಕ್ಸಾಮೆಥಾಸೋನ್ ಎಷ್ಟೋ ಸಲ ಅಡ್ಮಿಟ್ ಆದ ಮೊದಲ ದಿನಗಳಲ್ಲೇ ಶುರುವಾಗುತ್ತದೆ. "ಮೈಲೋಮಾ ಚಿಕಿತ್ಸೆ ಯಾವತ್ತು ಶುರು?" ಇದು ಮೂರನೇ ದಿನ ಕೇಳಲೇಬೇಕಾದ ಪ್ರಶ್ನೆ. ಇದಿಲ್ಲದೆ ಮನೆಗೆ ಹೋದರೆ ಕೆಲವೇ ವಾರದಲ್ಲಿ ವಾಪಸ್ ಬರುತ್ತೀರಿ.

ಹೆಜ್ಜೆ 6: ಮನೆಗೆ ಬಂದ ಮೇಲೆ

ಜೋಲೆಡ್ರೋನಿಕ್ ಆದ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಪ್ಯಾರಾಸಿಟಮಾಲ್ ಸಾಕು. ಆದರೆ ಕೀಮೋ ನಡೆದಿದ್ದರೆ ಜ್ವರವನ್ನು "ಇಂಜೆಕ್ಷನ್‌ದೇ" ಅಂತ ಬಿಡಬೇಡಿ, ಸೋಂಕು ಇರಬಹುದು, ಫೋನ್ ಮಾಡಿ. ಬಾಯಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಕೈ ಸೆಟೆದುಕೊಳ್ಳುವುದು ಕಂಡರೆ ಕ್ಯಾಲ್ಸಿಯಂ ತುಂಬ ಇಳಿದಿರಬಹುದು.

ಹಲ್ಲಿನ ಮಾತು ಯಾರೂ ಮೊದಲೇ ಹೇಳುವುದಿಲ್ಲ. ಈ ಮೂಳೆ ಮದ್ದುಗಳನ್ನು ತಿಂಗಳುಗಟ್ಟಲೆ ತಗೊಳ್ಳುವವರಲ್ಲಿ ಕೆಲವರಿಗೆ ದವಡೆ ಮೂಳೆ ಕೊಳೆಯುವ ತೊಂದರೆ ಬರುತ್ತದೆ, ಹೆಚ್ಚಾಗಿ ಹಲ್ಲು ಕೀಳಿಸಿದ ಮೇಲೆ. ತುರ್ತಿನ ಮೊದಲ ಡೋಸ್ ಕಾಯುವುದಿಲ್ಲ ಸರಿ. ಮುಂದಿನದಕ್ಕೆ ಮೊದಲು ದಂತವೈದ್ಯರಿಗೆ ತೋರಿಸಿ. ಹಲ್ಲು ಕೀಳಿಸುವ ಮುಂಚೆ ಕ್ಯಾನ್ಸರ್ ಡಾಕ್ಟರನ್ನು ಕೇಳಿ.

ನೀರು ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್, ಬೇರೆ ಮಿತಿ ಹೇಳಿಲ್ಲದಿದ್ದರೆ. ಓಡಾಡಿಸಿ. ಹಾಸಿಗೆ ಹಿಡಿದರೆ ಮೂಳೆ ಇನ್ನೂ ಕರಗುತ್ತದೆ. ಬೆನ್ನಿಗೆ ಬೆಲ್ಟ್ ಬೇಕಾ, ವಾಕರ್ ಬೇಕಾ ಕೇಳಿ ಹಜಾರದಲ್ಲೇ ನಾಲ್ಕು ಸುತ್ತು. ಬಚ್ಚಲಿಗೆ ಜಾರದ ಮ್ಯಾಟ್.

ಊಟದ ವಿಷಯಕ್ಕೆ ಬಂದರೆ ನೆಂಟರೆಲ್ಲ ಡಾಕ್ಟರೇ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ ಅಂತ ಅಮ್ಮ ಮುದ್ದೆ ನಿಲ್ಲಿಸಿದರು, ಹಾಲು ನಿಲ್ಲಿಸಿದರು, ಮಜ್ಜಿಗೆಯನ್ನೂ ನಿಲ್ಲಿಸಿದರು. ಅಪ್ಪ ಗಂಜಿ ನೋಡಿ ತಟ್ಟೆ ಪಕ್ಕಕ್ಕೆ ಸರಿಸಿದರು. ರಾಗಿಯಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಆದರೆ ಮೈಲೋಮಾದಲ್ಲಿ ಕ್ಯಾಲ್ಸಿಯಂ ಸುರಿಯುವುದು ಮೂಳೆಯಿಂದ, ತಟ್ಟೆಯಿಂದಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗ ಕರುಳು ಊಟದಿಂದ ಎಳೆದುಕೊಳ್ಳುವುದೂ ತಾನಾಗೇ ಕಡಿಮೆಯಾಗುತ್ತದೆ. ಸೊರಗಿದ ಆಳಿಗೆ ಊಟ ಬಿಡಿಸಿದರೆ ನಷ್ಟವೇ ಜಾಸ್ತಿ. ಡಾಕ್ಟರನ್ನು ಕೇಳಿದ ಮೇಲೆ ಮುದ್ದೆ ವಾಪಸ್ ಬಂತು. ಲಿಂಫೋಮಾದಲ್ಲಿ ವಿಟಮಿನ್ ಡಿ ಕಾರಣ ಆಗಿದ್ದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಕರುಳು ಜಾಸ್ತಿ ಎಳೆದುಕೊಳ್ಳುತ್ತದೆ, ಆಹಾರದ ಕ್ಯಾಲ್ಸಿಯಂ ಕಡಿಮೆ ಮಾಡಿಸುತ್ತಾರೆ, ಬಿಸಿಲಲ್ಲಿ ಕೂರಬೇಡಿ ಅಂತಲೂ ಹೇಳುತ್ತಾರೆ.

ಮುಂದಿನ ಪರೀಕ್ಷೆ ಯಾವತ್ತು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ನಮಗೆ ಮೊದಲ ತಿಂಗಳು ವಾರಕ್ಕೊಮ್ಮೆ ಕ್ಯಾಲ್ಸಿಯಂ, ಕ್ರಿಯಾಟಿನಿನ್ ಹೇಳಿದ್ದರು. ಚಿಕಿತ್ಸೆ ನಡೆದಿರುವಾಗಲೇ ಅಂಕಿ ಮತ್ತೆ ಏರಿದರೆ ಕಾಯಿಲೆ ಆ ಮದ್ದಿಗೆ ಬಗ್ಗುತ್ತಿಲ್ಲ ಅಂತ ಇರಬಹುದು. ಎಷ್ಟೋ ವರ್ಷ ಎಷ್ಟೋ ಮದ್ದು ಕಂಡ ಮೇಲೆ ಮತ್ತೆ ಮತ್ತೆ ಏರುತ್ತಿದ್ದರೆ, ಪ್ರತಿ ಸಲವೂ ಅಡ್ಮಿಟ್ ಮಾಡಬೇಕಾ ಅನ್ನುವ ಮಾತನ್ನು ರೋಗಿಯ ಜೊತೆ, ಅವರಿಗೆ ತಲೆ ತಿಳಿಯಾಗಿರುವಾಗಲೇ ಆಡಬೇಕು. ಆಮೇಲೆ ಆಡಲು ಸಮಯ ಸಿಗದೆ ಹೋಗಬಹುದು.

ಕೊನೆಗೊಂದು ಗೊಂದಲ ಖಂಡಿತ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಕ್ಯಾಲ್ಸಿಯಂ ಇಳಿದು, ತಿಂಗಳಿಗೊಮ್ಮೆ ಮೂಳೆ ಇಂಜೆಕ್ಷನ್ ಶುರುವಾದ ಮೇಲೆ, ಡಾಕ್ಟರ್ ಮತ್ತೆ ಅದೇ ಕ್ಯಾಲ್ಸಿಯಂ ಮಾತ್ರೆ, ಅದೇ ವಿಟಮಿನ್ ಡಿ ಬರೆಯಬಹುದು. ತಪ್ಪಿ ಬರೆದದ್ದಲ್ಲ. ಮೂಳೆ ಕೆಡವುವ ತಂಡ ಸುಮ್ಮನಾದ ಮೇಲೆ ರಕ್ತದ ಕ್ಯಾಲ್ಸಿಯಂ ಕೆಳಗೆ ಬೀಳದಿರಲಿ ಅಂತ ಕೊಡುವುದು. ಯಾವ ಅಂಕಿಗೆ ಶುರು, ಯಾವ ಅಂಕಿಗೆ ನಿಲ್ಲಿಸಬೇಕು ಅಂತ ಕೇಳಿ ಸ್ಟ್ರಿಪ್ ಮೇಲೇ ಪೆನ್ನಲ್ಲಿ ಬರೆದುಕೊಳ್ಳಿ.

ಅಪ್ಪನಿಗೆ ಐದನೇ ತಿಂಗಳಲ್ಲಿ ಬರೆದರು. ಮಾತ್ರೆ ಬಿಡಿಸಿ ಕೈಗೆ ಕೊಟ್ಟಾಗ ಅವರು ಕನ್ನಡಕ ಏರಿಸಿ ಸ್ಟ್ರಿಪ್ ತಿರುಗಿಸಿ ನೋಡಿದರು. "ಇದನ್ನೇ ಅಲ್ವೇನೋ ನಿಲ್ಲಿಸಿ ಅಂದಿದ್ದು?" ಅಂದರು. ಆಮೇಲೆ ಸ್ಟ್ರಿಪ್‌ನಲ್ಲಿ ಉಳಿದದ್ದು ಎಣಿಸಿ, "ಹದಿನಾಲ್ಕಿದೆ, ಭಾನುವಾರ ಬಿಟ್ಟು ಮುಂದಿನ ಭಾನುವಾರಕ್ಕೆ ಮುಗಿಯುತ್ತೆ. ಶನಿವಾರವೇ ತಂದಿಡು" ಅಂದರು.